ನಿಮ್ಮ ವಸ್ತಿ ಎಲ್ಲಿ?

"ನಿಮ್ಮ ವಸ್ತಿ ಎಲ್ಲಿರಿ?"

ಕಸ್ತೂರಿ ಕೇಳಿದ್ದು ಇಷ್ಟೇ. ಕೇಳಿ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಆ ಯುವಕನ ಮುಖದಲ್ಲಿ ರಕ್ತವೇ ಇರಲಿಲ್ಲ! ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದಂತೆ, ಕೂಗಿದವರು ಸತ್ತವರು ಎಂಬುದು ಅವನೊಬ್ಬನಿಗೇ ಗೊತ್ತಿದ್ದಂತೆ... ಅವನ ಕಣ್ಣುಗಳು ಅವಳ ಕಣ್ಣುಗಳಲ್ಲಿ ಏನನ್ನೋ ಹುಡುಕಿದವು.

ಕೋಣೆಯ ಗದ್ದಲ ಮಾತ್ರ ನಿಂತಿರಲಿಲ್ಲ. ಅದು ಓಝರ್‌ನ ವಿಮಾನ ಕಾರ್ಖಾನೆಯ ಕಾಲನಿ. ಎಪ್ಪತ್ನಾಲ್ಕರ ನವೆಂಬರ್. ಮೈಸೂರು, ಗುಲಬರ್ಗಾ, ಬೀದರ ಎಂದು ಎಲ್ಲೆಲ್ಲಿಂದಲೋ ಬಂದು ನಾಸಿಕದ ನೆಲದಲ್ಲಿ ನೆಲೆಸಿದ್ದ ಕನ್ನಡದ ಮಂದಿ ತಮ್ಮ ಸಂಘದಿಂದ ತಾಡೋಬಾ ರಾಷ್ಟ್ರೀಯ ಉದ್ಯಾನಕ್ಕೆ ಪುಟ್ಟ ಪ್ರವಾಸ ಹೊರಟಿದ್ದರು. ಹುಲಿ ನೋಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ್ದರು. ಜಗಳವೆಲ್ಲ ರಾತ್ರಿ ಎಲ್ಲಿ ತಂಗುವುದು ಎಂಬುದಕ್ಕೆ. ಚಂದ್ರಾಪುರ ಪಟ್ಟಣದಲ್ಲಿ ಸಾಹುಕಾರರೊಬ್ಬರು ಕಟ್ಟಿಸಿದ ಧರ್ಮಶಾಲೆ ಇತ್ತು. ಕಾಡಿನೊಳಗೆ, ಕೆರೆಯ ದಂಡೆಗೆ, ಅರಣ್ಯ ಇಲಾಖೆಯ ಬಂಗಲೆ ಇತ್ತು.

ಯಾರಿಗೆ ಎಲ್ಲಿ ಇಷ್ಟ ಎಂದು ಕೇಳುವ ಕೆಲಸ ಕಾಲನಿ ಶಾಲೆಯ ಟೀಚರ್ ಕಸ್ತೂರಿಯ ಪಾಲಿಗೆ ಬಂದಿತ್ತು. ಭಾಲ್ಕಿಯ ಹುಡುಗಿ. ಅಪ್ಪ ಅವ್ವ ಇಲ್ಲ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಕಾಕಾ ರೇವಣಪ್ಪನ ಮನೆಯಲ್ಲಿ ಇದ್ದಳು. ಭಾಲ್ಕಿಯ ಕಡೆ ರಾತ್ರಿ ತಂಗುವುದಕ್ಕೆ ವಸ್ತಿ ಎನ್ನುತ್ತಾರೆ. ಊರಲ್ಲೇ ರಾತ್ರಿ ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ಅಲ್ಲಿ ವಸ್ತಿ ಬಸ್ಸು ಎಂದೇ ಹೆಸರು. ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಸುಧಾಕರ ಔರಾದಕರ ಬಂದು ಬಾಗಿಲಲ್ಲಿ ನಿಂತಾಗ, ಎಲ್ಲರಿಗೂ ಕೇಳಿದ್ದನ್ನೇ ಅವನಿಗೂ ಕೇಳಿದ್ದಳು.

"ಊರ ಹೊರಗ," ಎಂದ ಅವನು.

ಧ್ವನಿ ತಗ್ಗಿತ್ತು. ತಲೆ ತಗ್ಗಿರಲಿಲ್ಲ.

"ಭಲೇ!" ಎಂದು ಶೀನ ಚಪ್ಪಾಳೆ ತಟ್ಟಿದ. ಶೀನ ಮೈಸೂರಿನವನು, ಬಾಯಿ ಸುಮ್ಮನಿರದ ಫಿಟ್ಟರ್. "ಕಾಡು ಬಂಗಲೆಗೆ ಇನ್ನೊಂದು ಓಟು! ನೋಡಿ ರೇವಣಪ್ಪನೋರೆ, ಧರ್ಮಶಾಲೆ ತಿಗಣೆಗಳಿಗೆ ಇನ್ನು ನೀವೊಬ್ರೇ ಗತಿ!"

ಎಲ್ಲರೂ ನಕ್ಕರು. ಕಸ್ತೂರಿಯೂ ನಕ್ಕಳು. ನಗುತ್ತಲೇ, "ಹಂಗಾದ್ರ ಭಾಳ ಚೊಲೊ ಆತು. ನಾವೂ ಅಲ್ಲೇ ಇರ್ತೀವಿ, ನಿಮ್ಮ ಜೋಡಿ," ಎಂದಳು.

ಅವನು ನಗಲಿಲ್ಲ. ಆ ಗದ್ದಲದಲ್ಲಿ ಶೀನನ ಮಾತು ಅವನನ್ನು ತಲುಪಿರಲೇ ಇಲ್ಲ.

"ಖರೇನಾ, ಬಾಯಿ?" ಎಂದ, ಮರಾಠಿಯಲ್ಲಿ ಟೀಚರಮ್ಮನನ್ನು ಕರೆಯುವ ಹಾಗೆ.

"ಖರೇ!"

"ಗೊತ್ತಿದ್ದೇ ಹೇಳ್ಲತ್ತೀರಿ?"

"ಗೊತ್ತಿಲ್ಲದ ಹೇಳಾಕಿ ಅಲ್ಲ ನಾ."

ಆಗ ಆ ಮುಖಕ್ಕೆ ಮೆಲ್ಲಗೆ ಜೀವ ಮರಳಿತು. ಅಂಥ ಬೆಳಕು ಒಬ್ಬ ಗಂಡಸಿನ ಮುಖದಲ್ಲಿ ಏರುವುದನ್ನು ಕಸ್ತೂರಿ ಎಂದೂ ನೋಡಿರಲಿಲ್ಲ. ಕಾಡಿನ ಬಂಗಲೆಯ ಮಾತಿಗೆ ಇಷ್ಟೊಂದು ಸಂತೋಷವೇ? ಎಂಥ ವಿಚಿತ್ರ ಮನುಷ್ಯ...

ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಶಬ್ದ. ಆದರೆ ಒಂದೇ ಮಾತಲ್ಲ.

*

ಅಲ್ಲಿಂದ ಮುಂದೆ ಸುಧಾಕರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಸೈಕಲ್ ಹಿಡಿದು ನಿಂತಿರುತ್ತಿದ್ದ. ಅವಳು ನಡೆಯುತ್ತಿದ್ದಳು, ಅವನು ಸೈಕಲ್ಲನ್ನು ತಳ್ಳುತ್ತಿದ್ದ. ನಡುವೆ ಸೈಕಲ್ಲು.

"ನನ್ನ ಕನ್ನಡ ಲಂಗಡಾ ಅದ ಬಾಯಿ. ಕುಂಟ್ತದ," ಎನ್ನುತ್ತಿದ್ದ. "ಔರಾದ ನಮ್ಮ ಗಾಂವ, ಪಣ ನಾ ಸಣ್ಣಾಂವ ಇದ್ದಾಗೇ ಔರಂಗಾಬಾದ್ ಕಡಿಗಿ ಬಂದೀವಿ. ಶಾಳೆದಾಗ ಮರಾಠಿ, ರಸ್ತಾದಾಗ ಹಿಂದಿ. ಅವ್ವ ಬೈದ್ರ ಮಾತ್ರ ಕನ್ನಡ."

"ಹಂಗಾದ್ರ ನಾ ಬೈತೀನಿ, ಕಲೀರಿ."

"ಬೈರಲ್ಲ!"

ಅವನ ಅವ್ವ ದೌಲತಾಬಾದ್ ಕೋಟೆಯ ಕೆಳಗೆ ರಸ್ತೆ ಬದಿಗೆ ಕೂತು ಪೇರಲ ಹಣ್ಣು ಮಾರುತ್ತಾಳಂತೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತಂತೆ. ಕಸ್ತೂರಿ ಎಲ್ಲವನ್ನೂ ಕೇಳಿದಳು. ಒಂದನ್ನು ಬಿಟ್ಟು. ಆ ಒಂದನ್ನು ಮೊದಲ ದಿನವೇ ಕೇಳಿ ತಿಳಿದಿದ್ದಾಳೆ, ತಿಳಿದೂ ಬರುತ್ತಿದ್ದಾಳೆ ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲಿ ಅವನ ಪ್ರೀತಿ ಮೊಳೆತಿತ್ತು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ!

ಒಂದು ಸಂಜೆ ಪಶ್ಚಿಮದ ಬೆಟ್ಟಗಳ ಕಡೆ ಮೋಡ ಕವಿದಿತ್ತು. ಸುಧಾಕರ ಸೈಕಲ್ ನಿಲ್ಲಿಸಿ ಅತ್ತ ನೋಡಿದ.

"ಅಲ್ಲಿ, ತ್ರ್ಯಂಬಕದ ಹಾದ್ಯಾಗ ಅಪ್ಪ ಖಡಿಕಲ್ಲು ಒಡೀತಿದ್ದ. ಅವ್ವ ನಮ್ಮಿಬ್ಬರನ ಕರಕೊಂಡು ಅವನ ಬಲ್ಲಿ ಹೊಂಟಿದ್ದಳು. ನಾ, ಮತ್ತ ನನ್ನ ತಂಗಿ ತುಳಸಿ. ತುಳಸಿಗಿ ಜ್ವರ. ಭಾಳ ಕೆಮ್ಮತಿದ್ದಳು. ಮಳಿ ಬಂತು..."

"ಆಮ್ಯಾಲ?"

"ಧರ್ಮಶಾಲಾ ಒಂದಿತ್ತು. ಜಾಗಾ ಇಲ್ಲಂದ್ರು. ಹೊರಗ ಗಿಡದ ಬುಡಕ ಕೂತೀವಿ. ಅಕಿ ಕೆಮ್ಮತಾನೇ ಇದ್ದಳು. ಮುಂಜಾನಿ ಕೆಮ್ಮು ನಿಂತಿತ್ತು. ನಂಗ ಖುಷಿ ಆತು ಬಾಯಿ, ತುಳಸಿ ಆರಾಮ ಆದಳು ಅಂತ..."

ಅವನು ಮತ್ತೆ ಮೋಡದ ಕಡೆ ನೋಡಿದ.

"ಈಗೂ ಕೇಳಸ್ತದ ನಂಗ. ಗಟ್ಟಿ ಛತ್ತಿನ ಬುಡಕ ಬೆಚ್ಚಗ ಮಲಗಿದ್ರ ಸಾಕು, ಹೊರಗಿಂದ ಅಕಿ ಕೆಮ್ಮು ಕೇಳಸ್ತದ."

ಜಾಗ ಇಲ್ಲ ಎಂದರೆ ಧರ್ಮಶಾಲೆ ತುಂಬಿತ್ತು ಎಂದೇ ಕಸ್ತೂರಿ ತಿಳಿದಳು. ಅವಳ ಜೀವನದಲ್ಲಿ ಯಾವ ಬಾಗಿಲೂ ಬೇರೆ ಕಾರಣಕ್ಕೆ ಮುಚ್ಚಿರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಮೇಲಿದ್ದ ಅವನ ಕೈಯ ಮೇಲೆ ಅವಳು ಕೈ ಇಟ್ಟಳು.

"ಆ ಕೆಮ್ಮು ನನಗೂ ಕೇಳಸ್ಲಿ," ಎಂದಳು. "ನೀವೊಬ್ರೇ ಯಾಕ ಕೇಳಬೇಕು?"

ಅವನು ಬೆಚ್ಚಿಬಿದ್ದ. "ಹಂಗ ಅನಬ್ಯಾಡ್ರಿ! ಅಕಿ ಕೇಳ್ತಿರ್ತಾಳ."

*

ಕೆಡಿಸಿದ್ದು ಅಂಜಿಕೆ.

"ಆ ಕಾಡಾಗ ಬೆಳ್ಳನ್ನ ಗಿಡ ಅವಂತ," ಎಂದು ಕಾಕಾನ ಹೆಂಡತಿ, ಕಾಕು ಪಾರ್ವತಿಬಾಯಿ, ರೊಟ್ಟಿ ತಟ್ಟುತ್ತ ಶುರುಮಾಡಿದಳು. "ತೊಗಟಿ ಎಲ್ಲಾ ಹೆಣದ ಬಟ್ಟಿ ಹಂಗ ಬಿಳುಪಂತ. ಭೂತದ ಗಿಡ ಅಂತಾರಂತ. ಕೆರಿಯೊಳಗ ಮೊಸಳಿ ಬ್ಯಾರೆ! ಮತ್ತ ಆ ಬಂಗಲ್ಯಾಗ ಯಾರ್ಯಾರು ಏನೇನು ಬೇಯಿಸಿ ತಿಂದಿರ್ತಾರೋ... ನಾ ಒಲ್ಲೆವ್ವಾ."

ಕಾಕಾ ಪೇಪರ್ ಮಡಚಿದ. "ಧರ್ಮಶಾಲಾದ ಮ್ಯಾನೇಜರ್ ಗುರುಸಿದ್ದಪ್ಪ ನಮ್ಮ ಪೈಕಿ. ಗುಲಬರ್ಗಾ ಕಡೆಯಾಂವ. ಅಡಗಿ ಮನಿ ಸ್ವಚ್ಛ ಇರ್ತದ. ಕಸ್ತೂರಿ, ಬಂಗಲೆ ಬ್ಯಾಡಂತ ತಿಳಸಿಬಿಡು."

ಕಸ್ತೂರಿಯ ಮನಸ್ಸಿನಲ್ಲಿ ಸುಧಾಕರನ ಮುಖ ಮಿಂಚಿತು. ನಾವೂ ಅಲ್ಲೇ ಇರ್ತೀವಿ ಎಂದಿದ್ದೆನಲ್ಲ! ಆದರೆ ಉಂಡ ಮನೆಯಲ್ಲಿ ಎದುರು ಮಾತಾಡಿ ಅವಳಿಗೆ ರೂಢಿ ಇರಲಿಲ್ಲ. ಒಂದು ರಾತ್ರಿಯ ಮಾತು ತಾನೇ? ಅವಳೇ ಬಂಗಲೆ ಬೇಡವೆಂದು ಕಾಗದ ಬರೆದು ತಿಳಿಸಿದಳು.

ನಾಸಿಕ್ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ನಾಗಪುರದ ಗಾಡಿ ಬರುವ ಮುಂಚೆ ಅವನಿಗೆ ಹೇಳಿದಳು. ಸುಧಾಕರನ ಕೈಯಲ್ಲಿದ್ದ ಚಹದ ಲೋಟ ತುಟಿಯವರೆಗೆ ಹೋಗಿ ನಿಂತಿತು.

"ಧರ್ಮಶಾಲಾ?... ಕಾಡಿನಾಗ ಬಂಗಲಾ ಅಂದಿದ್ರಲ್ಲ."

"ಕಾಕು ಅಂಜ್ತಾಳ್ರಿ. ಒಂದ ರಾತ್ರಿ ಅಲ್ಲ? ನಾ ಇರ್ತೀನಲ್ಲ ನಿಮ್ಮ ಜೋಡಿ!"

ಅವನು ಬಹಳ ಹೊತ್ತು ಹಳಿಗಳನ್ನೇ ನೋಡಿದ. ಎಲ್ಲ ಗೊತ್ತಿದ್ದೂ ಕರೆಯುತ್ತಿದ್ದಾಳೆ... ಆ ಬಾಗಿಲಲ್ಲಿ ನನ್ನ ಪಕ್ಕ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ!

"ನೀವಿದ್ರ ಬರ್ತೀನಿ ಬಾಯಿ," ಎಂದ.

*

ವರ್ಧಾದಲ್ಲಿ ಗಾಡಿ ಬದಲಿಸಿ ಚಂದ್ರಾಪುರದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು.

ಧರ್ಮಶಾಲೆಯ ಬಾಗಿಲ ಮೇಲೆ ಕಟ್ಟಿಸಿದವರ ಹೆಸರು ದೇವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು. ಒಳಗೋಡೆಯ ಮೇಲೆ ಬಸವಣ್ಣನವರ ಪಟ, ಅದಕ್ಕೆ ಆಗತಾನೇ ಹಾಕಿದ ಹೂವಿನ ಹಾರ. ಪಟದ ಕೆಳಗೆ ಗುರುಸಿದ್ದಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ.

"ಯಾವ ಜನಾರಿ ನೀವು?"

"ಎಲ್ಲಾ ನಮ್ಮವರೇರಿ!" ದಣಿದಿದ್ದ ಕಸ್ತೂರಿ ಮುಂದೆ ಬಂದು ಹೇಳಿದಳು.

ನಮ್ಮವರು! ಅವಳ ಲೆಕ್ಕದಲ್ಲಿ ಅದು ಕನ್ನಡದವರು. ಸುಧಾಕರನಿಗೆ ಕೇಳಿಸಿದ್ದು ಬೇರೆ. ಅವನ ಕಣ್ಣುಗಳು ತುಂಬಿ ಬಂದವು.

ಗುರುಸಿದ್ದಪ್ಪನ ನೋಟ ಒಬ್ಬೊಬ್ಬರ ಹಣೆ, ಕೊರಳು ನೋಡುತ್ತ ಬಂದು ಸುಧಾಕರನ ಮೇಲೆ ನಿಂತಿತು.

"ಇವರ ಅಡ್ಡಹೆಸರು?"

"ಔರಾದಕರ."

"ಅದು ಊರಾತು. ನಾ ಕೇಳಿದ್ದು ಜಾತಿ."

"ಸ್ವಾಮಿ, ಹುಲಿ ನೋಡಕ್ಕೆ ಬಂದಿರೋದು ನಾವು," ಎಂದ ಶೀನ. "ಹುಲೀನೇ ಕೇಳಲ್ಲ ಇದನ್ನೆಲ್ಲ, ತಿನ್ನೋ ಮುಂಚೆ."

"ಹುಲಿ ಕಾಡಾಗ ಇರ್ತದ. ಇದು ಧರ್ಮಶಾಲಾ."

ಸುಧಾಕರ ಕಸ್ತೂರಿಯನ್ನೊಮ್ಮೆ ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ಪಕ್ಕದಲ್ಲಿ ಒಬ್ಬರಿದ್ದಾರೆ ಎಂಬ ಧೈರ್ಯವಿತ್ತು. ನೆಟ್ಟಗೆ ನಿಂತು ಹೇಳಿದ: "ಮಹಾರ. ನಿಮ್ಮ ಕನ್ನಡದಾಗ ಹೊಲೆಯ."

ಆ ಪಡಸಾಲೆಯಲ್ಲಿ ಗಾಳಿ ನಿಂತುಹೋಯಿತು.

ಕಾಕು ಸೆರಗು ಬಿಗಿಹಿಡಿದು ಪಕ್ಕಕ್ಕೆ ಸರಿದಳು. ಕಾಕಾ ಕೈಗಡಿಯಾರ ನೋಡಿಕೊಂಡ. ಕಾರ್ಖಾನೆಯಲ್ಲಿ ಇದೇ ಸುಧಾಕರ ಜೋಡಿಸಿದ ರೆಕ್ಕೆಯನ್ನು ತಟ್ಟಿ ಶಾಭಾಸ್ ಎಂದಿದ್ದ ಮನುಷ್ಯ ಅವನು! ಆ ರೆಕ್ಕೆಯ ಮೇಲೆ ವಿಮಾನ ಹಾರಬಹುದು, ದೇಶ ಕಾಯಬಹುದು. ಅದನ್ನು ಜೋಡಿಸಿದವನು ಈ ಹೊಸ್ತಿಲು ದಾಟುವ ಹಾಗಿಲ್ಲ. ಕಾನೂನು ಬಂದು ಎಷ್ಟೋ ವರ್ಷವಾಗಿತ್ತು. ಅದು ಹೊಸ್ತಿಲಿನ ಹೊರಗೇ, ಚಪ್ಪಲಿಗಳ ಜೊತೆ ಬಿದ್ದಿತ್ತು.

"ಬಾವಿ ಆಚಿಗೆ ತಗಡಿನ ಶೆಡ್ ಅದ. ಅಲ್ಲಿ ಮಲಗ್ಲಿ," ಎಂದ ಗುರುಸಿದ್ದಪ್ಪ. "ಬಾವಿ ಮುಟ್ಟೋದು ಬ್ಯಾಡ."

ಆಗ ಕಸ್ತೂರಿ ಬಾಯಿ ತೆರೆದಳು. ಭೂಮಿ ಬಾಯಿಬಿಟ್ಟರೂ ಆಡಬಾರದಿದ್ದ ಮಾತು ಅದು.

"ಸುಧಾಕರ... ಇದನ್ನ ಮೊದಲೇ ಯಾಕ ಹೇಳಲಿಲ್ಲ ನೀವು?"

ಅವನು ನಿಧಾನಕ್ಕೆ ತಿರುಗಿದ.

"ಮೊದಲನೇ ದಿವಸಾನೇ ಹೇಳಿದ್ನಲ್ಲ ಬಾಯಿ."

"ಯಾವಾಗ?... ಏನು ಹೇಳಿದ್ರಿ?"

ಅವನು ಅವಳ ಮುಖವನ್ನು ನೋಡುತ್ತ ನಿಂತ. ಅವಳಿಗೆ ನಿಜಕ್ಕೂ ಗೊತ್ತಿಲ್ಲ! ಎಂದೂ ಗೊತ್ತಿರಲಿಲ್ಲ! ಸೈಕಲ್ಲಿನ ಹ್ಯಾಂಡಲ್ ಮೇಲೆ ಇಟ್ಟ ಆ ಕೈ, ನಾ ಇರ್ತೀನಲ್ಲ ಎಂಬ ಆ ಮಾತು... ಎಲ್ಲವೂ ಇನ್ನಾರಿಗೋ ಸೇರಬೇಕಾದದ್ದು.

ಅವನು ನಕ್ಕುಬಿಟ್ಟ. ಆ ನಗುವಿಗಿಂತ ಅವನು ಅತ್ತಿದ್ದರೆ ಚೆನ್ನಾಗಿತ್ತು.

"ಬರ್ತೀನಿ. ನಂಗ ಹೊರಗ ರೂಢಿ ಅದ."

ಚೀಲ ಹೆಗಲಿಗೇರಿಸಿ ನಡೆದುಹೋದ. ಶೀನ "ಏ ಸುಧಾಕರ, ನಿಲ್ಲೋ ಮಾರಾಯ!" ಎಂದು ಬೆನ್ನ ಹಿಂದೆ ಓಡಿದ.

ಕಸ್ತೂರಿಯೂ ಓಡಬಹುದಿತ್ತು. ಹೊಸ್ತಿಲು ಅವಳ ಪಾದದ ಮುಂದೆಯೇ ಇತ್ತು. ಓಡು, ಎಂದಿತು ಎದೆ. ಕಾಕಾ ನೋಡುತ್ತಿದ್ದ, ಕಾಕು ನೋಡುತ್ತಿದ್ದಳು. ಕಾಲು ಹೊಸ್ತಿಲು ದಾಟಲಿಲ್ಲ.

ಸ್ವಲ್ಪ ಹೊತ್ತಿಗೆ ಶೀನ ಒಬ್ಬನೇ ಬಂದ. "ಸಿಕ್ಕಿದ ಗಾಡಿ ಹತ್ತಿ ಹೋದ," ಎಂದಷ್ಟೇ ಹೇಳಿದ. ಮತ್ತೆ ಆ ಪ್ರವಾಸದಲ್ಲಿ ಅವನು ಒಂದು ತಮಾಷೆಯನ್ನೂ ಆಡಲಿಲ್ಲ.

ಎಲ್ಲರೂ ಊಟಕ್ಕೆ ಕೂತರು. ಕಸ್ತೂರಿ ಅನ್ನ ಕಲಸುತ್ತಿದ್ದಳು. ಬಾವಿಯ ಆಚೆಯಿಂದ ಕೇಳಿಸಿತು. ಸಣ್ಣ ಕೆಮ್ಮು. ಒಣ ಕೆಮ್ಮು. ಎದೆಗೂಡು ಸಾಲದ ಪುಟ್ಟ ಮಗುವಿನ ಕೆಮ್ಮು...

"ಯಾರದ್ರಿ ಆ ಕೂಸು?"

ಗುರುಸಿದ್ದಪ್ಪ ಹುಬ್ಬೇರಿಸಿದ. "ಯಾವ ಕೂಸು? ಇಲ್ಲಿ ಕೂಸು ಯಾರೂ ಇಲ್ಲವ್ವಾ."

*

ಮರುದಿನ ಕಾಡಿಗೆ ಹೋದರು.

ಎಲೆ ಉದುರಿದ ಮರಗಳ ನಡುವೆ ಆ ಬಿಳಿ ಮರಗಳು ಅಲ್ಲಲ್ಲಿ ನಿಂತಿದ್ದವು. ಕಾಕು ಜೀಪಿನಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಕಸ್ತೂರಿಗೆ ಮಾತ್ರ ಹೆದರಿಕೆಯಾಗಲಿಲ್ಲ. ಹೊರಗೆ ನಿಲ್ಲಿಸಲ್ಪಟ್ಟು ನಿಂತೇ ಉಳಿದವರ ಹಾಗೆ ಕಂಡವು ಅವು. ಪ್ರತಿಯೊಂದರ ಬುಡದಲ್ಲೂ ಒಬ್ಬ ತಾಯಿ, ಇಬ್ಬರು ಮಕ್ಕಳು ಕೂತ ಹಾಗೆ. ಜೀಪು ಮುಂದೆ ಹೋದಂತೆಲ್ಲ ಅವರು ತಲೆ ತಿರುಗಿಸಿ ಇವಳನ್ನೇ ನೋಡಿದ ಹಾಗೆ...

ಕೆರೆಯ ದಂಡೆಗೆ ಬಂಗಲೆ ಇತ್ತು. ಮುದಿ ಚೌಕಿದಾರ ಮೆಟ್ಟಿಲ ಮೇಲೆ ಬೀಡಿ ಸೇದುತ್ತಿದ್ದ. ಬೇಡ ಎಂದು ಬರೆದ ನಾಸಿಕದವರು ನೀವೇ ಅಲ್ಲವಾ ಬಾಯಿ, ಎಂದು ಹಿಂದಿಯಲ್ಲಿ ಕೇಳಿದ. ನಿಮಗಾಗಿ ಎರಡು ಕೋಣೆ ಗುಡಿಸಿಟ್ಟಿದ್ದೆ. ಎರಡೂ ಖಾಲಿಯೇ ಇವೆ.

"ಇಲ್ಲಿ... ಬಂದವರನ್ನು ಏನಾದರೂ ಕೇಳ್ತೀರಾ?"

"ಕೇಳ್ತೀನಲ್ಲ," ಎಂದ ಮುದುಕ. "ಟಾರ್ಚ್ ತಂದೀರಾ ಅಂತ."

ಕಸ್ತೂರಿ ಆ ಖಾಲಿ ಕೋಣೆಯ ಕಿಟಕಿಯ ಸರಳು ಹಿಡಿದು ನಿಂತಳು. ಇಲ್ಲಿ ತಂಗಿದ್ದರೆ! ಒಂದು ರಾತ್ರಿಯ ಮಾತು ತಾನೇ ಎಂದಿದ್ದೆನಲ್ಲ... ಅವನ ತಂಗಿಗೂ ಬೇಕಾಗಿದ್ದದ್ದು ಒಂದೇ ರಾತ್ರಿಯ ಮಾತು.

*

ಸುಧಾಕರ ರಜೆ ಹಾಕಿದನಂತೆ. ಕಾರ್ಖಾನೆಗೆ ಬರಲಿಲ್ಲ. ಶಾಲೆಯ ಗೇಟಿನ ಹೊರಗೆ ಸೈಕಲ್ ಇರಲಿಲ್ಲ.

ಕೆಮ್ಮು ಮಾತ್ರ ಬಂದಿತ್ತು. ಮುಸ್ಸಂಜೆಗೆ ಕಸ್ತೂರಿ ದೀಪ ಹಚ್ಚಿ ಬಾಗಿಲು ಮುಂದೆ ಮಾಡಿದರೆ ಸಾಕು, ಹೊರಗಿನಿಂದ ಕೇಳಿಸುತ್ತಿತ್ತು. ಬಾಗಿಲು ತೆರೆದರೆ ಯಾರೂ ಇಲ್ಲ. ಮುಚ್ಚಿದರೆ ಮತ್ತೆ...

"ಗಾಳಿ ಸೋಕ್ಯಾದ ಹುಡುಗಿಗೆ," ಎಂದು ಕಾಕು ಕೊರಳಿಗೆ ಅಂತ್ರ ಕಟ್ಟಿಸಿದಳು. "ಆ ಬೆಳ್ಳನ್ನ ಗಿಡದ್ದೇ ಕೆಲಸ."

ಗಾಳಿ ಸೋಕಿದ್ದು ನಿಜ. ಆದರೆ ಅದು ಕಾಡಿನದಲ್ಲ. ಅದು ಊರೊಳಗಿನ ಗಾಳಿ. ನೂರಾರು ವರ್ಷಗಳಿಂದ ಒಳ್ಳೊಳ್ಳೆಯ ಮನೆಗಳಲ್ಲಿ, ಹಾರ ಹಾಕಿದ ಪಟಗಳ ಕೆಳಗೆ ಬೀಸುತ್ತಲೇ ಇರುವ ಗಾಳಿ. ಅದಕ್ಕೆ ಯಾವ ಅಂತ್ರವೂ ಇಲ್ಲ.

ಮೊದಲನೇ ದಿವಸಾನೇ ಹೇಳಿದ್ನಲ್ಲ ಬಾಯಿ... ಏನು ಹೇಳಿದ್ದ? ಎಷ್ಟು ನೆನೆದರೂ ಅವಳಿಗೆ ಹೊಳೆಯಲಿಲ್ಲ.

ಹೊಳೆದದ್ದು ಶಾಲೆಯಲ್ಲಿ. ಹೊಸದಾಗಿ ಸೇರಿದ ಒಂದು ಹುಡುಗಿಯನ್ನು ಪಕ್ಕದ ತರಗತಿಯ ಮರಾಠಿ ಟೀಚರ್ ನಿಲ್ಲಿಸಿಕೊಂಡು ಕೇಳುತ್ತಿದ್ದರು.

"ತುಝೀ ವಸ್ತೀ ಕುಠಲೀ ಗ?" ನಿನ್ನ ವಸ್ತಿ ಯಾವುದೇ?

ಹುಡುಗಿಯ ಮುಖದ ರಕ್ತ ಇಳಿದುಹೋಯಿತು. "ಗಾವಾಬಾಹೇರಚೀ," ಎಂದಳು. ಊರ ಹೊರಗಿನದು.

ಟೀಚರ್ "ಹಂ" ಎಂದು ಹಿಂದಿನ ಬೆಂಚು ತೋರಿಸಿದರು.

ಕಸ್ತೂರಿಯ ಕೈಯ ಸೀಮೆಸುಣ್ಣ ಬಿದ್ದು ಪುಡಿಯಾಯಿತು.

ಅಯ್ಯೋ! ಇಲ್ಲಿ ವಸ್ತಿ ಎಂದರೆ ಕೇರಿ! ತಂಗುವ ಜಾಗವಲ್ಲ, ಹುಟ್ಟಿದ ಜಾಗ. ಅವಳು ನಾಲ್ಕು ಜನರ ಮುಂದೆ, ಮೊದಲ ಭೇಟಿಯಲ್ಲೇ, ನಿನ್ನ ಕೇರಿ ಯಾವುದು ಎಂದು ಅವನನ್ನು ಕೇಳಿದ್ದಳು. ಅವನು ತಲೆಯೆತ್ತಿ ಉತ್ತರ ಕೊಟ್ಟಿದ್ದ. ಆಮೇಲೆ ಅವಳು ನಕ್ಕು, ನಾವೂ ಅಲ್ಲೇ ಇರ್ತೀವಿ ನಿಮ್ಮ ಜೋಡಿ ಎಂದಿದ್ದಳು...

ಖರೇನಾ, ಬಾಯಿ? ಗೊತ್ತಿದ್ದೇ ಹೇಳ್ಲತ್ತೀರಿ?

ಆ ಮುಖದ ಮೇಲೆ ಏರಿದ ಬೆಳಕು ಏನೆಂದು ಅವಳಿಗೆ ಈಗ ತಿಳಿಯಿತು. ತಾನೇ ಹಚ್ಚಿ, ತಾನೇ ಆರಿಸಿದ ಬೆಳಕು.

ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಪಡಸಾಲೆಗೆ ಬಂದಳು. ಕಾಕಾ ಬಸವಣ್ಣನ ಪಟದ ಕೆಳಗೆ ಕೂತು ಟ್ರಾನ್ಸಿಸ್ಟರ್ ಕೇಳುತ್ತಿದ್ದ.

"ಕಾಕಾ, ನಾ ದೌಲತಾಬಾದ್ ಕೋಟಿ ಕಡೆ, ಸುಧಾಕರ ಅವರ ಮನಿಗೆ ಹೊಂಟೀನಿ."

ರೇವಣಪ್ಪ ಟ್ರಾನ್ಸಿಸ್ಟರ್ ಬಂದ್ ಮಾಡಿದ. "ಹೋದ್ರ ಈ ಮನಿ ಬಾಗಲಾ ಮರೀಬೇಕಾಗ್ತದ."

ಅವಳು ಚೀಲ ಕೆಳಗಿಡಲಿಲ್ಲ. ಇಷ್ಟು ವರ್ಷ ಆಡದ ಮಾತೆಲ್ಲ ಒಟ್ಟಿಗೆ ಬಂದಿತು.

"ಬಾಗಲಾ ಮುಚ್ಚೋದು ನಮಗ ಎಷ್ಟು ಚೊಲೊ ಬರ್ತದಲ್ಲ ಕಾಕಾ! ಮುಚ್ಚ್ರಿ. ಆದ್ರ ಮೊದಲ ಆ ಬಸವಣ್ಣನ ಪಟಾ ಇಳಸ್ರಿ. ಅವರ ಕಣ್ಣ ಮುಂದ ಮುಚ್ಚಬ್ಯಾಡ್ರಿ."

ಕಾಕಾ ಪಟದ ಕಡೆ ನೋಡಲಿಲ್ಲ. ನೋಡಲಾಗಲಿಲ್ಲ.

ಅಂಗಳದಲ್ಲಿ ಕಾಕು ಅಡ್ಡ ನಿಂತಳು. ಬೈಯುತ್ತಾಳೆ ಎಂದುಕೊಂಡರೆ, ಮುಖ ಅತ್ತ ತಿರುಗಿಸಿ ತನ್ನ ಶಾಲನ್ನು ಚೀಲದೊಳಗೆ ತುರುಕಿದಳು. "ಕೋಟಿ ಕಡೆ ಥಂಡಿ ಭಾಳ ಇರ್ತದಂತ," ಎಂದಳು.

*

ಔರಂಗಾಬಾದಿನಿಂದ ದೌಲತಾಬಾದಿಗೆ ಕಡೆಯ ಬಸ್ಸು.

"ಈ ಗಾಡಿ ರಾತ್ರಿ ಅಲ್ಲೇ ಮುಕ್ಕಾಂ," ಎಂದು ಕಂಡಕ್ಟರ್ ಮರಾಠಿಯಲ್ಲಿ ಎಚ್ಚರಿಸಿದ. "ತಿರುಗಿ ಹೋಗೋಕೆ ಬೆಳಗಿನವರೆಗೆ ಏನೂ ಸಿಗಲ್ಲ, ಬಾಯಿ."

ವಸ್ತಿ ಬಸ್ಸು! ಕಸ್ತೂರಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರು ಬಂತು.

ಕೋಟೆಯ ಬೆಟ್ಟ ಸಂಜೆಗೆಂಪಿನಲ್ಲಿ ಕಪ್ಪಗೆ ನಿಂತಿತ್ತು. ಊರು ದಾಟಿದ ಮೇಲೆ, ಬಿದ್ದ ಗೋಡೆಯ ಆಚೆ, ತಗಡಿನ ಮನೆಗಳು. ಪೇರಲ ಹಣ್ಣಿನ ಬುಟ್ಟಿ ಇಳಿಸುತ್ತಿದ್ದ ಬಡಕಲು ಹೆಂಗಸೊಬ್ಬಳು ಬಾಗಿಲಲ್ಲಿ ಬಗ್ಗಿದ್ದಳು. ಕಣ್ಣು ಸುಧಾಕರನವೇ. ಅವನ ಅವ್ವ ರುಕ್ಮಿಣಿಬಾಯಿ.

ಕಸ್ತೂರಿ ಬರುವ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. ಭಾಲ್ಕಿಯ ಹುಡುಗಿಯ ಬಾಯಿಗೆ ಬಂದದ್ದು ಭಾಲ್ಕಿಯ ಮಾತೇ.

"ಅವ್ವಾ... ಒಂದು ವಸ್ತಿ ಇರ್ತೀನ್ರಿ. ಜಾಗಾ ಕೊಡ್ತೀರೇನ್ರಿ?"

ಬುಟ್ಟಿ ಉರುಳಿತು. ಹಣ್ಣುಗಳು ಅಂಗಳದ ತುಂಬ ಓಡಿದವು.

"ಏನಂದಿ?" ಮುದುಕಿಯ ಧ್ವನಿ ಬಾವಿಯ ತಳದಿಂದ ಬಂದಂತಿತ್ತು. "ಇನ್ನೊಮ್ಮಿ ಅನ್ನು..."

"ಒಂದು ವಸ್ತಿ ಇರ್ತೀನಂದೆ..."

"ಯಾರು ಕಲ್ಸಿದ್ರು ನಿಂಗ ಈ ಮಾತು?" ಮುದುಕಿ ಅವಳ ತೋಳು ಹಿಡಿದು ಅಲುಗಿಸಿದಳು. "ಇದು ನನ್ನ ಮಾತು! ತ್ರ್ಯಂಬಕದಾಗ, ಮಳ್ಯಾಗ, ತುಳಸಿನ್ನ ಹೆಗಲಿಗಿ ಹಾಕ್ಕೊಂಡು ಆ ಧರ್ಮಶಾಲಾದ ಬಾಗಲಿನಾಗ ಇದೇ ಅಂದಿದ್ದೆ. ಒಂದು ವಸ್ತಿ ಇರ್ತೀವ್ರಿ, ಜಾಗಾ ಕೊಡ್ರಿ ಅಂತ. ಅವ ನಕ್ಕ. ನಿನ್ನ ವಸ್ತಿ ಊರ ಹೊರಗ ಅದ, ಅಲ್ಲಿ ಹೋಗು ಅಂದ. ಅವತ್ತಿಂದ ಆ ಶಬ್ದ ನಾಲಗಿ ಮ್ಯಾಲ ತಂದಿಲ್ಲ ನಾ. ಮಗನ ಮುಂದೂ ಅಂದಿಲ್ಲ."

ಅದಕ್ಕೇ! ಅದಕ್ಕೇ ಅವನಿಗೆ ಆ ಶಬ್ದದ ಇನ್ನೊಂದು ಅರ್ಥ ಗೊತ್ತಿರಲಿಲ್ಲ. ಒಂದು ಬಾಗಿಲು ಮುಚ್ಚಿದಾಗ ಒಂದು ಮಗು ಸತ್ತಿತ್ತು, ಒಂದು ಮಾತೂ ಸತ್ತಿತ್ತು. ಮಗನಿಗೆ ಉಳಿದದ್ದು ಆ ರಾತ್ರಿ ಬಾಗಿಲಾಚೆಯಿಂದ ಬಿದ್ದ ಉತ್ತರ ಮಾತ್ರ: ಊರ ಹೊರಗ.

"ಅವ್ವಾ..."

ಇಬ್ಬರೂ ತಿರುಗಿದರು. ಸುಧಾಕರ ಅಂಗಳದ ತುದಿಯಲ್ಲಿ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ! ಗಡ್ಡ ಬೆಳೆದಿತ್ತು. ಮುಖದಲ್ಲಿ ಮತ್ತೆ ರಕ್ತವಿರಲಿಲ್ಲ.

"ವಸ್ತಿ ಅಂದ್ರ... ರಾತ್ರಿ ಇರೋದಾ?"

"ಹೂಂ ಮಗಾ. ನಮ್ಮ ಕಡಿ ಅದೇ ಅಂತಾರ."

ಅವನು ಅಲ್ಲೇ, ಹಣ್ಣುಗಳ ನಡುವೆ ಕುಸಿದು ಕೂತ. "ಅಂದ್ರ, ಬಾಯಿ... ಅವತ್ತು ನೀವು ಕೇಳಿದ್ದು ಬಂಗಲಾ ಬೇಕೋ ಧರ್ಮಶಾಲಾ ಬೇಕೋ ಅಂತ?"

"ಅಷ್ಟೇರಿ."

"ಮತ್ತ ನಾ ಏನೇನೋ ತಿಳಕೊಂಡು..." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ತಪ್ಪು ನಂದೇ. ಶಬ್ದದ್ದೇ ತಪ್ಪು."

"ಅಲ್ಲ!"

ಕಸ್ತೂರಿ ಅವನೆದುರು ಮಣ್ಣಲ್ಲೇ ಕೂತಳು.

"ಶಬ್ದದ ಮ್ಯಾಲ ಹಾಕಿ ಕೈ ತೊಳಕೊಳ್ಳಾಕ ಬಂದಿಲ್ಲ ನಾ. ಅವತ್ತು ಗೊತ್ತಾದ ಮ್ಯಾಲ ನನ್ನ ಕಾಲು ಹೊಸ್ತಿಲು ದಾಟಲಿಲ್ಲ ಸುಧಾಕರ. ಅದು ಶಬ್ದದ ತಪ್ಪಲ್ಲ. ನನ್ನದು."

ಅವನು ಮುಖದಿಂದ ಕೈ ತೆಗೆದ.

"ರಸ್ತಾ ತಿರುಗೋ ತನಕ ಹಿಂದ ನೋಡ್ಕೋತ ಹೋದೆ," ಎಂದ ಕೊನೆಗೆ. "ನೀವು ಬರ್ತೀರಂತ."

"ಬಂದೀನಲ್ಲ... ತಡಾ ಆತು."

"ನಿಮ್ಮ ಕಾಕಾ?"

"ಬಾಗಲಾ ಮುಚ್ಚಿದ್ರು. ಈಗ ನನಗೂ ಗೊತ್ತದ, ಹೊರಗ ನಿಂತ್ರ ಹ್ಯಾಂಗ ಇರ್ತದಂತ. ಅಲ್ಪ ಸ್ವಲ್ಪ."

ಒಳಗಿನಿಂದ ರುಕ್ಮಿಣಿಬಾಯಿ ಕರೆದಳು. ಒಂದೇ ಕೋಣೆ. ಗೋಡೆಗೆ ಬಾಬಾಸಾಹೇಬರ ಪಟ. ಅದರ ಕೆಳಗೆ ದೊಡ್ಡ ಹಾಸಿಗೆಯ ಪಕ್ಕದಲ್ಲಿ ಒಂದು ಪುಟ್ಟ ಕೌದಿ ಹಾಸಿತ್ತು. ಮಗುವಿನ ಕೌದಿ.

"ಸಂಜಿ ಆದ್ರ ಹಾಸ್ತೀನಿ," ಎಂದಳು ಮುದುಕಿ, ಅದರ ನೆರಿಗೆ ತಟ್ಟುತ್ತ. "ಈ ಮನ್ಯಾಗ ಇನ್ನೊಬ್ಬಾಕಿ ಇರ್ತಾಳ. ಅಂಜಿಕಿ ಇಲ್ಲಲ್ಲ ನಿಂಗ?"

"ಅಕಿ ನನ್ನ ಕರಕೊಂಡು ಬಂದಾಕಿ, ಅವ್ವಾ."

ಮುದುಕಿ ಆ ಪುಟ್ಟ ಕೌದಿಯನ್ನು ಸರಿಸಲಿಲ್ಲ. ಅದರ ಮಗ್ಗುಲಿಗೇ ಕಸ್ತೂರಿಗೊಂದು ಹಾಸಿದಳು. ಆಮೇಲೆ ಬಾಗಿಲು ಮುಂದೆ ಮಾಡಲು ಹೋದಳು.

"ಇರ್ಲಿ ಅವ್ವಾ," ಎಂದಳು ಕಸ್ತೂರಿ. "ತೆರದೇ ಇರ್ಲಿ."

ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಹೊರಗೆ ಕೋಟೆಯ ಗಾಳಿ, ದೂರದಲ್ಲೊಂದು ನಾಯಿ. ಅಷ್ಟೇ. ಸುಧಾಕರನೂ ಕಿವಿಗೊಟ್ಟು ನಿಂತಿದ್ದ. ಇಬ್ಬರ ಕಣ್ಣುಗಳೂ ಕೂಡಿದವು.

ಅಂಗಳದಲ್ಲಿ ಚೆಲ್ಲಿದ್ದ ಹಣ್ಣುಗಳನ್ನು ಇಬ್ಬರೂ ಆರಿಸತೊಡಗಿದರು. ಒಂದೇ ಹಣ್ಣಿಗೆ ಎರಡು ಕೈ ಬಂದವು. ಈ ಸಲ ನಡುವೆ ಸೈಕಲ್ ಇರಲಿಲ್ಲ.

"ಕಾಡು ನೋಡೋದು ರಾಹಿಲಂ, ಬಾಯಿ. ಉಳದೇ ಹೋತು," ಎಂದ ಅವನು, ಹಣ್ಣು ಬಿಡದೆ.

"ನೋಡೋಣು. ಕೆರಿ ದಂಡಿ ಮುದುಕ ಕೋಣಿ ಗುಡಿಸಿಟ್ಟಾನ. ಟಾರ್ಚ್ ಒಂದು ತರಬೇಕಂತ." ಅವಳೂ ಬಿಡಲಿಲ್ಲ. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಗೊತ್ತಿದ್ದೇ ಕೇಳಿದಳು. "ಅಲ್ಲೀ ತನಕ... ನಿಮ್ಮ ವಸ್ತಿ ಎಲ್ಲಿರಿ?"

ಅವನ ಮುಖಕ್ಕೆ ಮೆಲ್ಲಗೆ ಜೀವ ಮರಳಿತು.

"ಊರ ಹೊರಗ, ಬಾಯಿ."

"ನನ್ನದೂ ಅಲ್ಲೇ."